ದುಪ್ಪಟ್ಟಾದ ಡಾಲ್ಫಿನ್‌ಗಳು

ಬಸವಕಲ್ಯಾಣದಲ್ಲಿ ಸಮ್ಯಕನ ಡ್ರೋನ್ ಹಾರದಿದ್ದರೆ ಅದು ಮದುವೆಯೇ ಅಲ್ಲ ಎನ್ನುವಷ್ಟು ಅವನಿಗೆ ಹೆಸರು. ಬೀಗರಿಗೆ ಬೇಕಾದುದು ಒಂದೇ, ಮಂದಿ ಕಿಕ್ಕಿರಿದು ಕಾಣಬೇಕು. ಊಟದ ಪಂಕ್ತಿಯ ಮೇಲೆ ಒಮ್ಮೆ ಹೋಗಿ, ತಿರುಗಿ, ಆ ಕಡೆಯಿಂದ ಮತ್ತೊಮ್ಮೆ ಬಂದು, ನಡುವಿನ ತಿರುವನ್ನು ಕತ್ತರಿಸಿ ಹಾಕಿದರೆ ಮುಗಿಯಿತು. ಇದ್ದ ಮಂದಿಯೇ ಎರಡರಷ್ಟು!

ಸ್ನೇಹಲ್ ಹುಮನಾಬಾದಿನ ಬಟ್ಟೆ ಅಂಗಡಿ ಬಸವಣಪ್ಪನವರ ಮಗಳು, ಕಾರವಾರದ ಕಡಲಲ್ಲಿ ಡಾಲ್ಫಿನ್ ಎಣಿಸುವ ಸಂಶೋಧಕಿ. "ನಮ್ಮ ಕಡಿ ಹುಡುಗ, ಭರವಸಿ ಅದ" ಎಂದು ಮೇಲಿನವರನ್ನು ಒಪ್ಪಿಸಿ ಎಣಿಕೆಯ ವಿಡಿಯೊ ತೆಗೆಯಲು ಸಮ್ಯಕನನ್ನು ಕರೆಸಿಕೊಂಡಳು. "ಸೀದಾ ಗೆರಿ ಹೊಡದಂಗ ಹೋಗ್ಬೇಕು, ತಿರುಗಬ್ಯಾಡ" ಎಂದು ಮೊದಲೇ ಹೇಳಿದ್ದಳು. ಅವನು ಹ್ಞೂಂ ಅಂದಿದ್ದ. ಆದರೆ ಕೈಗೆ ಹತ್ತಿದ ಚಟ ಬಿಡಬೇಕಲ್ಲ! ಡಾಲ್ಫಿನ್ ಗುಂಪು ಕಂಡದ್ದೇ ತಡ, ಡ್ರೋನ್ ಆ ಕಡೆಯಿಂದಲೂ ಒಂದು ಸುತ್ತು ಬಂತು. ವಿಡಿಯೊ ಕೊಡುವಾಗ ತಿರುವು ಚಂದ ಕಾಣಲಿಲ್ಲವೆಂದು ಕತ್ತರಿಸಿಯೂ ಕೊಟ್ಟ, ಪುಣ್ಯಾತ್ಮ.

ಇವತ್ತು ಹುಮನಾಬಾದಿನ ಸಭಾಂಗಣದಲ್ಲಿ ಆ ಎಣಿಕೆಗಾಗಿ ಇಬ್ಬರಿಗೂ ಸನ್ಮಾನ. ಶಾಲು ಹೊದಿಸಿದ ಮೇಲೆ ಪರದೆಯಲ್ಲಿ ವಿಡಿಯೊ ಓಡಿತು. "ಹೋದ ವರ್ಷಕ್ಕಿಂತ ದುಪ್ಪಟ್ಟು ಆಗ್ಯಾವ್ರಿ!" ಎಂದಳು ಸ್ನೇಹಲ್. ಚಪ್ಪಾಳೆಯೋ ಚಪ್ಪಾಳೆ. ಸಮ್ಯಕ ಪರದೆ ನೋಡಿದ. ಬೆನ್ನ ಮೇಲೆ ಬಿಳಿ ಗಾಯದ ಗುರುತಿದ್ದ ಡಾಲ್ಫಿನ್ ಎಡಕ್ಕೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅದೇ ಗುರುತು ಬಲಕ್ಕೆ ಬಂತು. ತಾನು ಕತ್ತರಿಸಿದ ತಿರುವು ಅವನಿಗೆ ನೆನಪಾಯಿತು.

ಪಕ್ಕಕ್ಕೆ ಬಂದು ಕುಳಿತ ಸ್ನೇಹಲ್‌ಗೆ ಪಿಸುಗುಟ್ಟಿದ. "ಅಕ್ಕಾ, ಇವು ಬ್ಯಾರೆ ಅಲ್ರಿ. ನಾ ಡ್ರೋನ್ ತಿರುಗಿಸಿ ಅವನ್ನ ಮತ್ತ ತಗದೀನಿ."

ಅವಳ ಮುಖ ಬಿಳಿಚಿತು. ಅವನನ್ನು ಒಮ್ಮೆ ನೋಡಿ, ಎದ್ದು ಮತ್ತೆ ಮೈಕ್ ಹಿಡಿದಳು. "ಎಣಿಕಿ ತಪ್ಪ್ಯದ್ರಿ. ಒಂದ ಗುಂಪು ಎರಡ ಸಲ ಎಣಸೀನಿ. ನಾ ಬರೋಬರಿ ನೋಡಬೇಕಾಗಿತ್ತು, ತಪ್ಪು ನಂದು."

"ಇಷ್ಟ ಓದಿದ್ರೂ ಎಣಸ್ಲಿಕ್ಕ ಬರಂಗಿಲ್ಲೇನು?" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಬಸವಣಪ್ಪ ತಲೆ ತಗ್ಗಿಸಿದರು.

ಸಮ್ಯಕ ಎದ್ದು "ತಪ್ಪು ನಂದು" ಎಂದಿದ್ದರೆ ಸಾಕಿತ್ತು. ನಾಳೆ ಯಾರು ಮದುವೆಗೆ ಕರೆದಾರು ಎಂಬ ಹೆದರಿಕೆ ಅವನನ್ನು ಕುರ್ಚಿಗೆ ಒತ್ತಿ ಹಿಡಿಯಿತು. ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಆದರೂ ಏಳಲಿಲ್ಲ.

ಮಂದಿ ಕರಗಿದ ಮೇಲೆ ಬಸವಣಪ್ಪ ಅವನ ಬಳಿ ಬಂದು ಎರಡೂ ಕೈ ಮುಗಿದರು. ಸಮ್ಯಕನ ತಂದೆ ಉತ್ತಮ, ಬಸವಣಪ್ಪನವರ ಅಂಗಡಿಯಲ್ಲಿ ವರ್ಷಾನುಗಟ್ಟಲೆ ಬಟ್ಟೆಯ ಗಂಟು ಹೊತ್ತವನು. ಆ ಮನೆಯವರಿಗೆ ಸಾವ್ಕಾರರು ಕೈ ಮುಗಿದುದನ್ನು ಯಾರೂ ಕಂಡಿರಲಿಲ್ಲ.

"ಮಾಫ್ ಮಾಡು ತಮ್ಮಾ. ನಮ್ಮ ಹುಡುಗಿ ತಪ್ಪಿಗೆ ನಿನ್ನ ಸನ್ಮಾನನೂ ಕೆಟ್ಟು ಹೋಯ್ತು."

ಸಮ್ಯಕ ಅವರ ಕೈ ಹಿಡಿದುಕೊಂಡ. "ತಪ್ಪು ನಂದ್ರಿ ಸಾವ್ಕಾರ್ರೇ. ಅಕ್ಕಂದಲ್ಲ."

ಬಸವಣಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡು ಖಾಲಿ ಕುರ್ಚಿಗಳನ್ನು ನೋಡಿದರು.

"ಇದನ್ನ ಮಂದಿ ಇದ್ದಾಗ ಹೇಳಬೇಕಿತ್ತಪ್ಪ."