ಜೋಡಿ ಜೀನು

ಪ್ಯಾಂಟಿನ ಅಂಚು ಹೊಲಿಯುವುದಕ್ಕಿಂತ ಬಿಚ್ಚುವುದು ನಾಜೂಕು. ಹೊಲಿಗೆಯಕ್ಕ ಸೂಜಿಮೊನೆಯಿಂದ ಹಳೆಯ ದಾರವನ್ನು ಒಂದೊಂದೇ ಹೊಲಿಗೆ ಎತ್ತಿ, ಸಣ್ಣ ಕತ್ತರಿಯಿಂದ ಕಚಕ್ಕೆನಿಸಿ, ತುಂಡುಗಳನ್ನು ಮಡಿಲಿಗೆ ಉದುರಿಸಿಕೊಳ್ಳುತ್ತಿದ್ದಳು. ಬಸ್ ಓಡಿಸುವ ಹೆಂಗಸಿನ ಪ್ಯಾಂಟು ಅದು. ಹೋದ ವರ್ಷ ಗಿಡ್ಡ ಮಾಡಿಸಿಕೊಂಡು ಹೋಗಿದ್ದಳು, ಈ ವರ್ಷ ಉದ್ದ ಮಾಡಿಕೊಡು ಎಂದು ತಂದಿದ್ದಾಳೆ. ಮನುಷ್ಯರು ಅಡ್ಡಡ್ಡ ಬೆಳೆದರೆ ಬಟ್ಟೆ ಉದ್ದಕ್ಕೆ ಸಾಲದೆ ಬರುತ್ತದೆ. ಅದನ್ನು ಬಾಯಿಬಿಟ್ಟು ಹೇಳಬಾರದು, ಅಷ್ಟೆ.

"ಚೀಟಿ ಕೊಟ್ಯಾ ಆಕೆಗೆ?" ಹಲಗೆಯ ಆಚೆಯಿಂದ ಬೀಗದಣ್ಣ ಕೇಳಿದ.

"ಯಾಕೆ? ಪ್ಯಾಂಟು ನೋಡಿದ್ರೆ ಯಾರದು ಅಂತ ಗೊತ್ತಾಗಲ್ವಾ?"

"ನಿಂಗೆ ಗೊತ್ತಾಗುತ್ತೆ. ನೀನು ನಾಳೆ ಗೊಟಕ್ ಅಂದ್ರೆ ಊರೋರೆಲ್ಲ ಬಂದು ನನ್ನ ಹತ್ರ ಪ್ಯಾಂಟು ಕೇಳ್ತಾರೆ."

"ನಿಂಗೆ ಸರಿಹೋಗೋದು ನೋಡಿ ಒಂದು ಇಟ್ಕೋ ಅಣ್ಣ, ಯಾರು ಬೇಡ ಅಂದ್ರು."

ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆ. ನಡುವೆ ತೆಳು ಹಲಗೆ. ಒಂದು ಕಡೆ ಅವನ ಕೀಲಿ ಕೊರೆಯುವ ಯಂತ್ರ, ಇನ್ನೊಂದು ಕಡೆ ಅವಳ ಹೊಲಿಗೆ ಮಿಷನ್ನು. ಹೊಸ ಬಟ್ಟೆ ಅವಳು ಹೊಲಿಯುವುದಿಲ್ಲ. ಗಿಡ್ಡದ್ದನ್ನು ಉದ್ದ ಮಾಡುವುದು, ಬಿಗಿಯನ್ನು ಸಡಿಲಿಸುವುದು, ಜಿಪ್ಪು ಬದಲಿಸುವುದು, ಕೋಟಿಗೆ ಹೊಸ ಒಳಪದರ ಕೂರಿಸುವುದು, ಇಷ್ಟೇ. ಗುರುತು ಪರಿಚಯ ಇಲ್ಲದವರೂ ಮೈಮೇಲಿನ ಕೋಟನ್ನು ಕಳಚಿ ಅವಳ ಕೈಗಿಟ್ಟು, ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಮನೆಗೆ ಹೋಗುತ್ತಾರೆ. ನಾಲ್ಕು ದಿನ ಬಿಟ್ಟು ಬಂದರೆ ಕೋಟು ಅಲ್ಲೇ ಮೊಳೆಗೆ ನೇತಾಡುತ್ತಿರುತ್ತದೆ. ಇಪ್ಪತ್ತಾರು ವರ್ಷ ಹೀಗೇ ನಡೆದಿದೆ. ಒಂದು ಗುಂಡಿಯೂ ಹೆಚ್ಚುಕಡಿಮೆಯಾಗಿಲ್ಲ.

ಅಂಚೆಯವಳು ಬಾಗಿಲಲ್ಲಿ ನಿಂತು, "ಹೊಲಿಗೆಯಕ್ಕಾ, ಸಮುದ್ರ ದಾಟಿ ಬಂದಿದೆ, ಸಹಿ ಹಾಕಿ," ಎಂದು ಪೊಟ್ಟಣವೊಂದನ್ನು ಚಾಚಿದಳು. ಅಡ್ರೆಸ್ಸಿನ ಅಕ್ಷರ ನೋಡಿದೊಡನೆ ಅಕ್ಕ ಕತ್ತರಿ ಕೆಳಗಿಟ್ಟಳು. ಎಡಕ್ಕೆ ವಾಲಿದ, ಒಂದರ ಬೆನ್ನಿಗೊಂದು ಒರಗಿದ ಅಕ್ಷರ. ತಂಗಿ ಜೀರಿಗೆಯದು. ಹುಟ್ಟಿದಾಗ ಜೀರಿಗೆಯಷ್ಟೇ ಇದ್ದಳು ಎಂದು ಅಮ್ಮ ಕರೆದ ಹೆಸರು, ನಲವತ್ತನಾಲ್ಕಾದರೂ ಬಿಟ್ಟಿಲ್ಲ.

ಪೊಟ್ಟಣದಲ್ಲಿ ಒಂದು ದೀಪ. ಮಿಷನ್ನಿಗೆ ಸಿಕ್ಕಿಸಿಕೊಳ್ಳುವಂಥದ್ದು, ಜೊತೆಗೆ ಅಂಗೈಯಗಲದ ಭೂತಗನ್ನಡಿ. ಅದರ ಕೆಳಗೆ ಮಡಿಸಿದ ಹಾಳೆ.

"ಅಕ್ಕಾ, ಕಣ್ಣು ಹೇಗಿದೆ? ಇದನ್ನ ಮಿಷನ್ನಿಗೆ ಸಿಕ್ಕಿಸ್ಕೋ. ಇದರೊಳಗಿಂದ ನೋಡಿದ್ರೆ ಸೂಜಿ ಕಣ್ಣು ಬಾವಿ ಥರ ಕಾಣುತ್ತೆ, ದಾರ ಇಳಿಸೋದಲ್ಲ, ಬಿಂದಿಗೆ ಇಳಿಸಬಹುದು. ನಾನು ದಿನಾ ಮೊಬೈಲಲ್ಲಿ ನಮ್ಮ ಆಟಕ್ಕೆ ಹೋಗ್ತೀನಿ. ಲಾಯ ಖಾಲಿ ಇರುತ್ತೆ. ಕಣ್ಣು ಸರಿ ಇರೋ ದಿನ ನೀನೊಬ್ಳೇ ನೊರೆ ಮೇಲೆ ಕೂತು ಸುತ್ತೋಕೆ ಹೋಗಿರ್ತೀಯೇನೋ. ಬೇಜಾರಿಲ್ಲ. ಆದ್ರೆ ನಾನು ಬಿಟ್ಟುಬಂದೆ ಅಂತ ಸಿಟ್ಟಿದ್ರೆ ಬಾಯಿಬಿಟ್ಟು ಬೈದುಬಿಡು, ಹೀಗೆ ಸುಮ್ನಿರಬೇಡ. ಕುದುರೆಗೆ ಹುಲ್ಲು ಇಟ್ಟಿರ್ತೀನಿ."

ಅಕ್ಕ ಹಾಳೆಯನ್ನು ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ.

ಮೂರು ವರ್ಷದ ಹಿಂದೆ ಇಬ್ಬರೂ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿದ್ದರು. ಮೊಬೈಲಿನ ಆಟ ಹಚ್ಚಿದ್ದು ತಂಗಿಯೇ. ಒಂದು ದ್ವೀಪ, ಅದರಲ್ಲಿ ನಮ್ಮದೊಂದು ಮನೆ, ತೋಟ, ದೋಣಿ. ಹೊಡೆದಾಟ ಇಲ್ಲ, ಬಡಿದಾಟ ಇಲ್ಲ. ಸೋರೆಕಾಯಿ ಬೆಳೆಯಬೇಕು, ಮೀನು ಹಿಡಿಯಬೇಕು. "ಇಷ್ಟು ಮಾಡೋಕೆ ಮೊಬೈಲ್ ಬೇಕಾ?" ಎಂದು ನಕ್ಕಿದ್ದ ಅಕ್ಕ ವಾರದೊಳಗೆ ಸೋರೆಬಳ್ಳಿಗೆ ನೀರು ಹಾಕದಿದ್ದರೆ ಊಟ ಸೇರದವಳಾದಳು. ಆ ವರ್ಷ ಆಟದವರು ಒಂದು ಬಿಳಿ ಮರಿಕುದುರೆಯನ್ನು ಬಿಟ್ಟರು. ನೂರು ದಿನ, ಒಂದೂ ತಪ್ಪದೆ ಹುಲ್ಲು ಹಾಕಿದವರಿಗೆ ಮಾತ್ರ ಅದು ಸ್ವಂತ. ಒಂದು ದಿನ ತಪ್ಪಿದರೆ ಓಡಿಹೋಗುತ್ತದೆ. ತಂಗಿ ಜ್ವರದಲ್ಲೂ, ಹಲ್ಲು ಕೀಳಿಸಿಕೊಂಡ ದಿನವೂ ಹಾಕಿದಳು. ನೂರನೆಯ ದಿನ ಅದಕ್ಕೆ ನೊರೆ ಎಂದು ಹೆಸರಿಟ್ಟಳು. ಆಮೇಲೆ ಅಂಥ ಕುದುರೆಯನ್ನು ಆಟದವರು ಮತ್ತೆ ಕೊಡಲಿಲ್ಲ.

ಸಮುದ್ರದಾಚೆ ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ತಂಗಿಗೆ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಕುದುರೆಯನ್ನು ಅಕ್ಕನ ಹೆಸರಿಗೆ ಹಾಕಿದಳು. "ನಾನಿಲ್ದಿದ್ರೂ ಇದಿರುತ್ತೆ. ಹೊಟ್ಟೆಗೆ ಹಾಕು, ಇಲ್ದಿದ್ರೆ ನನ್ನ ಹಾಗೇ ಮುನಿಸಿಕೊಳ್ಳುತ್ತೆ."

ಫೋನಿನ ಮಾತು ನಾಲ್ಕು ನಿಮಿಷಕ್ಕೆ ಮುಗಿಯುತ್ತಿತ್ತು. ಊಟ ಆಯ್ತಾ, ಆಯ್ತು. ಚಳಿ ಇದೆಯಾ, ಇದೆ. ಆಟದಲ್ಲಿ ಹಾಗಲ್ಲ. ತಂಗಿ ಊಟದ ಬಿಡುವಿನಲ್ಲಿ ಕೈಗವಸು ಕಳಚಿ, ಮರಗಟ್ಟಿದ ಬೆರಳಲ್ಲೇ ಒಳಗೆ ಬರುತ್ತಿದ್ದಳು. ಅಕ್ಕ ಕುದುರೆ ಹತ್ತುತ್ತಿದ್ದಳು. ಅದರ ಮೇಲೆ ಒಬ್ಬರಿಗೇ ಜಾಗ. ತಂಗಿ ಹಿಂದೆ ಹಿಂದೆ ನಡೆಯುತ್ತಿದ್ದಳು. "ಬಾಲ ಹಿಡ್ಕೊಂಡು ಬರ್ತೀನಿ, ನೀನು ಹೋಗು ಮಹಾರಾಣಿ," ಎಂದು ಬರೆಯುತ್ತಿದ್ದಳು. ದಡದಲ್ಲಿ ಇಬ್ಬರೂ ಮಾತಿಲ್ಲದೆ ಅಲೆ ನೋಡುತ್ತ ಕೂರುವುದು. ಅದಕ್ಕೆ ಅಕ್ಕ ಇವತ್ತಿಗೂ ಜೊತೆಗೆ ಕೂರುವುದು ಎಂದೇ ಹೇಳುತ್ತಾಳೆ.

ತಂಗಿಯ ಹುಟ್ಟುಹಬ್ಬ ಹತ್ತಿರ ಬಂದಾಗ ಅಕ್ಕನಿಗೆ ಹೊಳೆದದ್ದು ಒಂದೇ: ಇಬ್ಬರು ಕೂರುವ ಜೀನು ಎಲ್ಲಾದರೂ ಸಿಕ್ಕರೆ. ಆಟದ ಸಂತೆಬೀದಿಯಲ್ಲಿ ಕೇಳಿದಳು. ಜೀನುಗಾರ ಎಂಬ ಹೆಸರಿನವನೊಬ್ಬ ಬಂದ. ನಯವಾದ ಮಾತು. "ಜೋಡಿ ಜೀನು ಇದೆ ಅಕ್ಕಾವ್ರೆ. ಪ್ರತಿ ಕುದುರೆಗೂ ಅಳತೆ ಬೇರೆ. ಕುದುರೇನ ಸ್ವಲ್ಪ ಹೊತ್ತು ನನ್ನ ಹೆಸರಿಗೆ ಹಾಕಿ, ಅಳತೆ ತಗೊಂಡು ಕೂರಿಸಿ ವಾಪಸ್ ಕೊಡ್ತೀನಿ. ಅಲ್ಲೀವರೆಗೂ ಜೀನು ಬಿಡಿಸ್ಕೊಳ್ಳೋ ಕೋಡ್ ನಂಬಿಕೆಗೆ ನಿಮ್ಮ ಹತ್ರಾನೇ ಇರಲಿ."

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕಿವಿ ನಿಮಿರಿಸುತ್ತಿದ್ದರು. ಅಕ್ಕನಿಗೆ ಅಳತೆ ಎಂಬ ಮಾತು ಕೇಳಿ ಮನಸ್ಸು ನಿರಾಳವಾಯಿತು. ಕುದುರೆಯನ್ನು ಅವನ ಕೈಗೆ ಬಿಡದೆ ಜೀನು ಕೂರಿಸು ಎಂದರೆ ಪಾಪ ಅವನಾದರೂ ಹೇಗೆ ಕೂರಿಸಿಯಾನು? ಕೋಟು ಕೊಡದೆ ತೋಳು ಸರಿಮಾಡು ಎಂದು ಯಾರಾದರೂ ಕೇಳುತ್ತಾರೆಯೇ? ಪರದೆಯ ಮೇಲೆ ಕೆಂಪಕ್ಷರ ಬಂತು: 'ಕೊಟ್ಟದ್ದು ಮರಳಿ ಬರುವುದಿಲ್ಲ. ಖಚಿತವೇ?' ಹೌದು ಎಂದು ಒತ್ತಿದಳು.

ಸ್ವಲ್ಪ ಹೊತ್ತು ಕಾದಳು. ಸಂಜೆಯವರೆಗೆ ಕಾದಳು. ದೊಡ್ಡ ಕುದುರೆ, ಹೊತ್ತು ಹಿಡಿಯುತ್ತದೆ ಎಂದುಕೊಂಡಳು. ನಾಲ್ಕು ದಿನ ಅವನಿಗೆ ಒಂದು ಮಾತನ್ನೂ ಕೇಳಲಿಲ್ಲ. ಒಳಪದರ ಕೂರಿಸಲು ಅವಳೂ ನಾಲ್ಕು ದಿನ ತೆಗೆದುಕೊಳ್ಳುವವಳು, ನಡುವೆ ಬಂದು ಆಯ್ತಾ ಆಯ್ತಾ ಎನ್ನುವವರನ್ನು ಕಂಡರೆ ಆಗದವಳು. ಐದನೆಯ ದಿನ ನೋಡಿದರೆ ಜೀನುಗಾರ ಎಂಬ ಹೆಸರೇ ಆಟದಲ್ಲಿ ಇರಲಿಲ್ಲ. ಕೋಡ್ ಒತ್ತಿದರೆ, 'ಈಗಾಗಲೇ ಬಳಸಲಾಗಿದೆ' ಎಂದು ಬಂತು. ಕೋಡಿನ ಹನ್ನೆರಡು ಅಕ್ಷರವನ್ನು ಚೀಟಿಯಲ್ಲಿ ಬರೆದು ಬೀಗದಣ್ಣನಿಗೆ ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿ ನೋಡಿದ.

"ಇದು ಕೀಲಿ ಅಲ್ಲ ಕಣಮ್ಮ. ಕೀಲಿ ಚಿತ್ರ." ಚೀಟಿ ಹಿಂತಿರುಗಿಸುತ್ತ, "ಊರಿನ ಟೋಪಿಗಳನ್ನೆಲ್ಲ ರಿಪೇರಿ ಮಾಡೋಳಿಗೇ ಟೋಪಿ ಹಾಕಿದ್ನಲ್ಲ," ಎಂದ. ಅವಳ ಮುಖ ನೋಡಿ ಕನ್ನಡಕ ಇಳಿಸಿಕೊಂಡು ತನ್ನ ಯಂತ್ರದ ಕಡೆ ತಿರುಗಿದ. ಆಟದ ಕಂಪನಿಗೆ ದೂರು ಬರೆದದ್ದಕ್ಕೆ ಎರಡು ಸಾಲಿನ ಉತ್ತರ: ನೀವೇ ಒಪ್ಪಿ ಕೊಟ್ಟಿದ್ದೀರಿ.

ಆವತ್ತು ಮಧ್ಯಾಹ್ನ ತಂಗಿ, "ಬಾರೇ ಅಕ್ಕಾ, ದಡಕ್ಕೆ ಹೋಗೋಣ," ಎಂದು ಕರೆದಳು. "ಕಣ್ಣು ನೋವು ಕಣೆ," ಅಂದುಬಿಟ್ಟಳು ಅಕ್ಕ. ಒಂದು ದಿನಕ್ಕೆಂದು ಹೇಳಿದ ಸುಳ್ಳು ಹನ್ನೊಂದು ತಿಂಗಳು ಎಳೆಯಿತು. ನಡುವೆ ಆಟದ ಅಂಚೆಪೆಟ್ಟಿಗೆಯಲ್ಲಿ ತಂಗಿಗೆ ಒಂದು ಪತ್ರ ಬರೆಯತೊಡಗಿದ್ದಳು. ಒಮ್ಮೆ ಅದರಲ್ಲಿ ಜೀನುಗಾರನಿಗೆ ಹಿಡಿಶಾಪ ಹಾಕಿದ್ದಳು. ಓದಿದರೆ ತಪ್ಪೆಲ್ಲ ಅವನದೇ ಆಗಿತ್ತು. ಇನ್ನೊಮ್ಮೆ ತಮಾಷೆಯಾಗಿ ಬರೆದಳು. ತಂಗಿಯ ನೂರು ದಿನ ಅದರಲ್ಲಿ ನಗೆಪಾಟಲಾಗಿತ್ತು. ಮತ್ತೊಮ್ಮೆ ಆರು ಸಲ ಕ್ಷಮಿಸು ಎಂದಿತ್ತು. ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಬಟ್ಟೆಯೇ ಜಾಳಾಯಿತು. ಪತ್ರ ಅಲ್ಲೇ ಉಳಿಯಿತು. ಆಟಕ್ಕೆ ಕಾಲಿಡುವುದನ್ನೂ ಬಿಟ್ಟಳು. ಮಧ್ಯಾಹ್ನ ಒಂದೂವರೆಗೆ, ತಂಗಿಯ ಬಿಡುವಿನ ಹೊತ್ತಿಗೆ, ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತಿತ್ತು. ಆ ಕೈಗೊಂದು ಗುಂಡಿ ಕೊಟ್ಟು ಹೊಲಿಯಲು ಕೂರಿಸುತ್ತಿದ್ದಳು.

"ಏನಂತೆ ಜೀರಿಗೆ?" ಬೀಗದಣ್ಣ ಹಲಗೆಯ ಪಕ್ಕದಿಂದ ತಲೆ ಹಾಕಿದ. "ಓಹೋ, ದೀಪ ಕಳ್ಸಿದಾಳೆ. ಕಣ್ಣಿಗಾ?"

"ಹೂಂ. ಕಣ್ಣಿಗೆ."

"ಎಷ್ಟು ದಿನ ಅಂತ ಎಳೀತೀಯಮ್ಮ? ಇವತ್ತು ದೀಪ. ನಾಳೆ ರಜೆ ಹಾಕಿ ಡಾಕ್ಟರನ್ನೇ ಕರ್ಕೊಂಡು ಬರ್ತಾಳೆ."

"ನಾನು ಕುದುರೆ ಹತ್ತಿ ಒಬ್ಳೇ ಮೆರೀತಿದೀನಿ ಅಂದ್ಕೊಂಡಿದಾಳೆ ಅಣ್ಣ. ಸಿಟ್ಟಿಗೆ."

"ಕುದುರೆ ಹೋಯ್ತು, ಬಿಡು," ಎಂದ ಬೀಗದಣ್ಣ. "ಅವಳನ್ನ ಯಾವ ಕಳ್ಳನೂ ಕದ್ದಿಲ್ಲ. ನೀನೇ ಹೊರಗಿಟ್ಟು ಬೀಗ ಹಾಕ್ತಿದೀಯ. ಆ ಬೀಗ ನನ್ನ ಕೈಲಿ ಆಗಲ್ಲ." ಟೀ ಕುಡಿದು ಬರುತ್ತೇನೆಂದು ಎದ್ದು ಹೋದ. ಹತ್ತು ನಿಮಿಷದ ಹಿಂದೆಯಷ್ಟೇ ಕುಡಿದಿದ್ದ.

ಅಕ್ಕ ದೀಪವನ್ನು ಮಿಷನ್ನಿಗೆ ಸಿಕ್ಕಿಸಿ ಹೊತ್ತಿಸಿದಳು. ಸೂಜಿಯ ಕಣ್ಣು ನಿಜವಾಗಿಯೂ ಬಾವಿಯಂತೆ ಕಂಡಿತು. ಮೊಬೈಲ್ ತೆಗೆದು ದ್ವೀಪದೊಳಗೆ ಹೋದಳು. ಸೋರೆಬಳ್ಳಿ ಒಣಗಿ ಹಗ್ಗವಾಗಿತ್ತು. ಮನೆಯ ಬಾಗಿಲಲ್ಲಿ ಮರಳು. ಲಾಯದ ದಾರಿ ಮಾತ್ರ ಚೊಕ್ಕವಾಗಿತ್ತು, ದಿನವೂ ಯಾರೋ ನಡೆದಂತೆ. ಒಳಗೆ ಹುಲ್ಲು. ಗೋದಲಿ ತುಂಬಿ, ನೆಲ ತುಂಬಿ, ಮಾಡಿನವರೆಗೆ ಕಟ್ಟು ಕಟ್ಟಾಗಿ ಒಟ್ಟಿದ ಹುಲ್ಲು. ಕುದುರೆ ನಿಲ್ಲುತ್ತಿದ್ದ ಜಾಗವನ್ನಷ್ಟೇ ತಂಗಿ ಖಾಲಿ ಬಿಟ್ಟಿದ್ದಳು. ಕೊನೆಯ ಕಟ್ಟು ನಿನ್ನೆ ಮಧ್ಯಾಹ್ನದ್ದು.

ಆ ಖಾಲಿ ಜಾಗದಲ್ಲಿ ಅಕ್ಕ ಸುಮ್ಮನೆ ನಿಂತಳು. ಜೀರಿಗೆ ದಿನವೂ ಇಲ್ಲದ ಕುದುರೆಗೆ ಹುಲ್ಲು ತಂದು, ನನ್ನನ್ನು ಬಿಟ್ಟು ಅಕ್ಕ ಯಾವ ದಡದಲ್ಲಿದ್ದಾಳೋ ಎಂದು ನೋಡಿ, ಕೈಗವಸು ತೊಟ್ಟು ಮತ್ತೆ ಮೀನಿನ ಮುಂದೆ ಹೋಗಿ ನಿಲ್ಲುತ್ತಿದ್ದಾಳೆ. ಹನ್ನೊಂದು ತಿಂಗಳು. ಜೀನುಗಾರ ಕದ್ದದ್ದು ನೊರೆಯನ್ನು. ಈ ಮಧ್ಯಾಹ್ನಗಳನ್ನು ಕದ್ದವನು ಅವನಲ್ಲ.

ಅಂಚೆಪೆಟ್ಟಿಗೆ ತೆರೆದಳು. ಹಳೆಯದನ್ನೆಲ್ಲ ಅಳಿಸಿ, ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದಳು.

"ಜೀರಿಗೆ, ನೊರೆ ಇಲ್ಲ. ಹೋದ ವರ್ಷ ನಿನ್ನ ಹುಟ್ಟುಹಬ್ಬಕ್ಕೆ ಇಬ್ಬರು ಕೂರೋ ಜೀನು ಹಾಕಿಸ್ತೀನಿ ಅಂತ ಒಬ್ಬನ ಕೈಗೆ ಕೊಟ್ಟೆ. ಅಳತೆ ತಗೊಂಡು ವಾಪಸ್ ಕೊಡ್ತೀನಿ ಅಂದ. ಕೊಡಲಿಲ್ಲ. ನನ್ನ ಕಣ್ಣು ಚೆನ್ನಾಗಿದೆ, ಅದು ಸುಳ್ಳು. ನಿನಗೆ ಮುಖ ತೋರಿಸೋಕೆ ಆಗಲಿಲ್ಲ. ನಾನು ಎಲ್ಲೂ ಸವಾರಿ ಹೋಗಿಲ್ಲ, ಅಂಗಡಿಯಲ್ಲೇ ಇದ್ದೆ. ಸಿಟ್ಟೂ ಇಲ್ಲ. ನೀನು ಹೋದಾಗಿನಿಂದ ಮಂಚದ ನಿನ್ನ ಕಡೆಗೆ ನಾನು ಹೊರಳಿಲ್ಲ. ನಿನಗೆ ಸಿಟ್ಟು ಬಂದರೆ ಬರಲಿ. ಇಳಿದ ಮೇಲೆ ಬಾ. ಇಬ್ಬರೂ ನಡೆದೇ ದಡಕ್ಕೆ ಹೋಗೋಣ. ಬಾಲ ಇಲ್ಲ, ಸೆರಗು ಹಿಡ್ಕೋ."

ಪತ್ರದ ಜೊತೆ ಏನಾದರೂ ಇಡುವಿರಾ ಎಂದು ಆಟ ಕೇಳಿತು. ರಾಶಿಯ ಮೇಲಿನಿಂದ ನಿನ್ನೆಯ ಹುಲ್ಲಿನ ಕಟ್ಟನ್ನು ಎತ್ತಿ ಇಟ್ಟಳು.

ಒಂದೂವರೆಗೆ ಐದು ನಿಮಿಷವಿತ್ತು. ಸಮುದ್ರದಾಚೆ ಯಾರೋ ಕೈಗವಸು ಕಳಚುವ ಹೊತ್ತು. ಪರದೆಯ ಮೇಲೆ ಅದೇ ಕೆಂಪಕ್ಷರ ಬಂತು: ಕಳಿಸಿದ್ದು ಮರಳಿ ಬರುವುದಿಲ್ಲ, ಖಚಿತವೇ? ಹೊಲಿಗೆಯಕ್ಕ ಬೆರಳಿಗೆ ಅಂಟಿದ್ದ ದಾರದ ಎಳೆಯನ್ನು ಬಿಡಿಸಿಕೊಂಡಳು, ಮತ್ತೆ ಒಂದು ಸಲ ಓದಲಿಲ್ಲ, ಹೌದು ಎಂದು ಒತ್ತಿದಳು.