ತಂಗಿಯ ಅಳತೆ ಪಟ್ಟಿ

"ಸಂಬಳದ ದಿನ ತಪ್ಪಿದ್ರೂ ನಿನ್ನ ತಂಗಿ ಬೀಳೋ ದಿನ ತಪ್ಪಲ್ವಲ್ಲಯ್ಯ. ತಿಂಗಳಿಗೆ ಸರಿಯಾಗಿ ಬೀಳ್ತಾಳೆ. ಕಾಯಿಲೆ ಏನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ? ಎಲ್ಲ ನಾಟಕ."

ಕುರ್ಚಿ ಅಂಗಡಿಯ ಯಜಮಾನರು ಈ ಮಾತು ಹೇಳಿದ್ದು ಮೂವರು ಗಿರಾಕಿಗಳ ಎದುರಿಗೆ. ತಂಗಿ ಇನ್ನೂ ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಅರ್ಧ ಹೆಣೆದ ಬೆತ್ತದ ಎಳೆ ಅವಳ ಬೆರಳಿಗೆ ಸುತ್ತಿಕೊಂಡೇ ಇತ್ತು.

ಅಣ್ಣ ಅದೇ ಅಂಗಡಿಯ ಬಡಗಿ. ಮೂಗಿನ ತುದಿಯಲ್ಲೇ ಕೋಪ ಇದ್ದುದರಿಂದ ಅಲ್ಲಿ ಎಲ್ಲರೂ ಅವನನ್ನು ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದರು. ಆದರೆ ತಂಗಿ ಬಿದ್ದಾಗ ಮಾತ್ರ ಅವನು ತಣ್ಣಗಿರುತ್ತಿದ್ದ. ಉಳಿ, ಗರಗಸ ದೂರ ಸರಿಸುತ್ತಿದ್ದ. ತನ್ನ ಅಂಗಿ ಬಿಚ್ಚಿ ಮಡಚಿ ಅವಳ ತಲೆಯ ಕೆಳಗೆ ಇಡುತ್ತಿದ್ದ. ಮಗ್ಗುಲಿಗೆ ತಿರುಗಿಸಿ ಗಡಿಯಾರ ನೋಡುತ್ತಾ ಕೂರುತ್ತಿದ್ದ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು ಅಂತ ಡಾಕ್ಟರು ಹೇಳಿದ್ದರು. ಪಾಲಿಶ್ ಮಾಡುವವನು ಹಲ್ಲಿನ ಮಧ್ಯೆ ಇಡೋಣ ಅಂತ ಚಮಚ ಹಿಡಿದು ಓಡಿ ಬಂದರೆ, ಕಣ್ಣಲ್ಲೇ ಅವನನ್ನು ವಾಪಸ್ ಕಳಿಸುತ್ತಿದ್ದ. ಬಾಯಿಗೆ ಏನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು ಅನ್ನುವುದು ಅವನಿಗೆ ಗೊತ್ತಿತ್ತು.

ಅವತ್ತು ಫಿಟ್ಸ್ ಎರಡೇ ನಿಮಿಷಕ್ಕೆ ನಿಂತಿತು. ಅವಳು ಕಣ್ಣು ಬಿಟ್ಟ ಮೇಲೆ ಅವನು ಯಜಮಾನರ ಕಡೆ ತಿರುಗಿದ. ಆಮೇಲೆ ಅವನು ಆಡಿದ ಮಾತುಗಳನ್ನು ಕಾಗದದ ಮೇಲೆ ಬರೆಯುವ ಹಾಗಿಲ್ಲ. ಯಜಮಾನರೂ ಬಿಡಲಿಲ್ಲ. ಇನ್ನೊಂದು ಸಲ ಹೀಗಾದರೆ ಆ ಜಾಗಕ್ಕೆ ಬೇರೆಯವರನ್ನು ಕೂರಿಸುತ್ತೇನೆ ಅಂದರು.

ಆ ಜಾಗ ಅಂದರೆ ಕಿಟಕಿಯ ಪಕ್ಕದ ಒಂದು ಮಣೆ. ಅಲ್ಲಿ ಕೂತು ತಂಗಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು. ತರಗತಿಯಲ್ಲಿ ಬಿದ್ದಳು ಅಂತ ಸ್ಕೂಲು ಬಿಡಿಸಿದ್ದರು, ಮದುವೆ ಮನೆಗಳಿಗೆ ಯಾರೂ ಕರೆಯುತ್ತಿರಲಿಲ್ಲ. ಈ ಒಂದು ಮಣೆಯ ಮೇಲೆ ಕೂತಾಗ ಮಾತ್ರ ಜನ ಬಗ್ಗಿ ನೋಡಿ, ಇದನ್ನು ಯಾರು ಹೆಣೆದಿದ್ದು ಅಂತ ಕೇಳುತ್ತಿದ್ದರು. ಅದು ಹೋದರೆ ಅವಳಿಗೆ ಉಳಿಯುವುದು ಅಡುಗೆಮನೆಯ ಮೂಲೆ.

ಸಂಜೆ ಮನೆಯಲ್ಲಿ ಅಮ್ಮ ಅದನ್ನೇ ಹೇಳಿದರು. ಸಾಕು, ಮನೆಯಲ್ಲೇ ಇರಲಿ, ನಾಲ್ಕು ಜನರ ಮುಂದೆ ಮಾನ ಹೋಗುವುದು ಬೇಡ ಅಂತ. ಅಷ್ಟರಲ್ಲಿ ಪಕ್ಕದ ಮನೆಯ ನರ್ಸಕ್ಕ ಕಾಲು ಮುರಿದ ಸ್ಟೂಲೊಂದನ್ನು ಎತ್ತಿಕೊಂಡು ಬಂದರು. ಸ್ಟೂಲು ನೋಡುವ ಬದಲು ಅಣ್ಣ ಬೆಳಗಿನ ಕಥೆಯನ್ನೆಲ್ಲ ಹಲ್ಲು ಕಡಿಯುತ್ತಾ ಹೇಳಿದ.

ನರ್ಸಕ್ಕ ಪೂರ್ತಿ ಕೇಳಿ, "ನಿಮ್ಮ ಯಜಮಾನ್ರು ಬೈದಿದ್ದು ತಪ್ಪು. ಆದ್ರೆ ನೋಡಿದ್ದು ಸರಿ," ಅಂದರು. "ತಿಂಗಳಿಗೆ ಸರಿಯಾಗಿ ಅಂದ್ರಲ್ಲ, ಅದನ್ನ ಡಾಕ್ಟರಿಗೆ ಹೇಳಿದ್ದೀರಾ?"

"ಎಲ್ಲ ಹೇಳಿದ್ದೀನಿ. ಎಷ್ಟನೇ ತಾರೀಕು, ಎಷ್ಟು ನಿಮಿಷ, ಯಾವ ಮಾತ್ರೆ, ಎಲ್ಲ."

"ನೀನು ಹೇಳಿದ್ದೀಯ. ಇವಳು?"

"ಇವಳೇನು ಹೇಳ್ತಾಳೆ ಅಕ್ಕಾ, ಬಿದ್ದಾಗ ಎಚ್ಚರಾನೇ ಇರಲ್ಲ."

ತಂಗಿ ತನ್ನ ಕಾಲಿನ ಹೆಬ್ಬೆರಳು ನೋಡುತ್ತಾ ಕೂತಿದ್ದಳು. ನರ್ಸಕ್ಕ ಅವಳನ್ನೂ ನೋಡಿದರು, ಇವನನ್ನೂ ನೋಡಿದರು. "ತಮ್ಮ, ಸ್ವಲ್ಪ ಹೊರಗೆ ಹೋಗಿ ನಿಂತ್ಕೋ," ಅಂದರು.

ಸ್ವಂತ ಮನೆಯಿಂದ ಹೊರಗೆ. ಅವನಿಗೆ ಮೈಯೆಲ್ಲ ಉರಿಯಿತು. ಬೀದಿಯಲ್ಲಿ ಅಲ್ಲಿಂದಿಲ್ಲಿಗೆ ನಡೆದ, ಎದುರು ಮನೆಯ ಬಾಗಿಲಿನ ಕೀಲು ಸಡಿಲವಾಗಿರುವುದಕ್ಕೂ ಸಿಟ್ಟು ಮಾಡಿಕೊಂಡ. ಒಳಗೆ ಕರೆದಾಗ ತಂಗಿ ತಲೆ ಎತ್ತಿ ಕೂತಿದ್ದಳು. ನಾನೇ ಹೇಳುತ್ತೇನೆ ಅಂದಳು.

"ಅಣ್ಣಾ, ನಾನು ಬೀಳೋದು ಮುಟ್ಟಾಗೋ ಒಂದೆರಡು ದಿನ ಮುಂಚೆ. ಇಲ್ಲಾಂದ್ರೆ ಮುಟ್ಟಾದ ಮೊದಲನೇ ದಿನ. ಎರಡು ವರ್ಷದಿಂದ ಹೀಗೇ."

"ಮತ್ತೆ ಡಾಕ್ಟರ ಹತ್ರ ಯಾಕೆ ಹೇಳ್ಲಿಲ್ಲ?"

"ನೀನು ಪಕ್ಕದಲ್ಲೇ ಕೂತಿರ್ತೀಯಲ್ಲ."

ಎರಡು ವರ್ಷ ಅವನು ಒಂದು ಸಲವೂ ತಪ್ಪಿಸದೆ ಅವಳ ಜೊತೆ ಒಳಗೆ ಹೋಗಿದ್ದ. ಡಾಕ್ಟರು ಅವಳನ್ನು ಕೇಳಿದ್ದಕ್ಕೂ ತಾನೇ ಉತ್ತರ ಕೊಟ್ಟಿದ್ದ. ಕಾವಲು ಕಾಯುತ್ತಿದ್ದೇನೆ ಅಂದುಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದ.

ಗಂಡು ಹುಡುಗನ ಮುಂದೆ ಇದೆಂಥ ಮಾತು ಅಂತ ಅಮ್ಮ ಗೊಣಗಿದರು. "ನಮಗೂ ಆಗ್ತಿತ್ತಪ್ಪ. ನಾವೇನು ಬಿದ್ವಾ?"

ನರ್ಸಕ್ಕ ಸಿಟ್ಟಾಗದೆ ಬಿಡಿಸಿ ಹೇಳಿದರು. ಮುಟ್ಟಿನಿಂದ ಮೂರ್ಛೆ ರೋಗ ಬರುವುದಿಲ್ಲ. ಆದರೆ ರೋಗ ಮೊದಲೇ ಇರುವ ಕೆಲವು ಹೆಂಗಸರಿಗೆ, ಎಲ್ಲರಿಗೂ ಅಲ್ಲ, ತಿಂಗಳ ಕೆಲವು ದಿನಗಳಲ್ಲಿ ಫಿಟ್ಸ್ ಹೆಚ್ಚಾಗುತ್ತದೆ. ಮೈಯಲ್ಲಿ ಎರಡು ಬಗೆಯ ಹಾರ್ಮೋನು ತಿಂಗಳಿಡೀ ಏರುತ್ತಾ ಇಳಿಯುತ್ತಾ ಇರುತ್ತವೆ. ಒಂದು ಮಿದುಳನ್ನು ಕೆರಳಿಸುವಂಥದ್ದು, ಇನ್ನೊಂದು ತಣ್ಣಗಿಡುವಂಥದ್ದು. ಮುಟ್ಟಿಗೆ ಮುಂಚೆ ಆ ತಣ್ಣಗಿಡುವುದು ಸರ್ರನೆ ಇಳಿದುಬಿಡುತ್ತದೆ. ಕೆಲವರಿಗೆ ಆಗ ತೊಂದರೆ, ಇನ್ನು ಕೆಲವರಿಗೆ ಎರಡು ಮುಟ್ಟಿನ ನಡುವಿನ ದಿನಗಳಲ್ಲಿ. ಇದು ಡಾಕ್ಟರಿಗೆ ಗೊತ್ತಿರುವ ವಿಷಯವೇ. ಆದರೆ ನಾವು ಹೇಳದೆ ನಮ್ಮ ತಾರೀಕು ಅವರಿಗೆ ಹೇಗೆ ಗೊತ್ತಾಗಬೇಕು?

"ಮಳೆಗಾಲದಲ್ಲಿ ಮಾತ್ರ ಸಿಕ್ಕಿಹಾಕ್ಕೊಳ್ಳೋ ಬಾಗಿಲನ್ನ ವರ್ಷವಿಡೀ ಹೆರೀತಾ ಕೂರ್ತೀಯಾ ತಮ್ಮ?" ಅಂತ ಕೇಳಿದರು.

ಅದು ಅವನಿಗೆ ತಟ್ಟನೆ ಅರ್ಥವಾಯಿತು. ಫಿಟ್ಸ್ ನಿಲ್ಲಲಿಲ್ಲ ಅಂತ ಡಾಕ್ಟರು ತಿಂಗಳಿಡೀ ನುಂಗುವ ಮಾತ್ರೆಯನ್ನೇ ಜಾಸ್ತಿ ಮಾಡುತ್ತಾ ಹೋಗಿ, ತಂಗಿ ಬೆತ್ತ ಹಿಡಿದೇ ತೂಕಡಿಸುವಂತಾಗಿದ್ದಳು.

ಅವಳು ಬಿದ್ದ ತಾರೀಕುಗಳನ್ನು ಅವನು ಮನೆಯ ಕಿಟಕಿ ಚೌಕಟ್ಟಿನ ಒಳಬದಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ. ತಂಗಿ ತನ್ನ ಮುಟ್ಟಿನ ತಾರೀಕುಗಳನ್ನು ಟ್ರಂಕಿನ ಮುಚ್ಚಳದ ಒಳಗೆ, ಯಾರಿಗೂ ಕಾಣದ ಹಾಗೆ, ಗುರುತು ಮಾಡಿದ್ದಳು. ಎರಡಕ್ಕೂ ನಡುವೆ ಹತ್ತು ಹೆಜ್ಜೆ. ಎರಡು ವರ್ಷ ಆ ಹತ್ತು ಹೆಜ್ಜೆಯನ್ನು ಯಾರೂ ನಡೆದಿರಲಿಲ್ಲ.

ಒಂದೇ ಅಳತೆಯ ಇಪ್ಪತ್ತು ಕುರ್ಚಿಕಾಲು ಕೊಯ್ಯಬೇಕಾದಾಗ ಬಡಗಿ ಪ್ರತಿ ಸಲ ಟೇಪು ಹಿಡಿಯುವುದಿಲ್ಲ. ತೆಳ್ಳಗಿನ ಮರದ ಪಟ್ಟಿಯೊಂದರ ಮೇಲೆ ಎಲ್ಲ ಗುರುತನ್ನೂ ಹಾಕಿಕೊಳ್ಳುತ್ತಾನೆ. ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪಿದೆ ಅಂತ ಆ ಪಟ್ಟಿಯೇ ಹೇಳುತ್ತದೆ. ಅವನು ಅಂಥದೊಂದು ಪಟ್ಟಿ ತಂದು ದಿನಕ್ಕೊಂದರಂತೆ ಕಳೆದ ಆರು ತಿಂಗಳ ಗೆರೆ ಎಳೆದ, ಮುಂದಿನ ತಿಂಗಳುಗಳಿಗೆ ಹಿಂಬದಿ ಖಾಲಿ ಬಿಟ್ಟ. ಬಿದ್ದ ದಿನಕ್ಕೆ ಅವನು ಕಪ್ಪು ಗುರುತು ಹಾಕಿದ. ಮುಟ್ಟಿನ ದಿನಕ್ಕೆ ತಂಗಿ ಕೆಂಪು ಗುರುತು ಹಾಕಿದಳು. ಹನ್ನೊಂದು ಕಪ್ಪಿನಲ್ಲಿ ಒಂಬತ್ತು ಕೆಂಪಿಗೆ ಅಂಟಿಕೊಂಡು ಕೂತವು.

"ಈ ಎರಡು ಯಾಕೆ ದೂರ ಇವೆ?" ಅಂದ.

"ಆ ವಾರ ಮಾತ್ರೆ ಮುಗಿದಿತ್ತು. ತರ್ತೀನಿ ಅಂದು ನೀನು ಮರೆತಿದ್ದೆ."

ಅಮ್ಮ ಮುಖ ತಿರುಗಿಸಿ ನಕ್ಕರು.

ಪಟ್ಟಿ ಮುಗಿದ ವಾರವೇ ಆಸ್ಪತ್ರೆಯಲ್ಲಿ ಅಣ್ಣ ಹೊರಗಿನ ಬೆಂಚಿನ ಮೇಲೆ ಕೂತ. ಪಟ್ಟಿ ಹಿಡಿದು ತಂಗಿ ಒಬ್ಬಳೇ ಒಳಗೆ ಹೋದಳು. ಡಾಕ್ಟರು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಟ್ಟಳು, ಹೊರಗೆ ಬಂದು ಅವರು ಹೇಳಿದ್ದನ್ನೂ ಅವಳೇ ಹೇಳಿದಳು. ತೂಕಡಿಕೆ ತರುವ ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡುತ್ತಾರೆ. ಕೆಂಪು ಗುರುತಿನ ಆಸುಪಾಸಿನ ದಿನಗಳಿಗೆ ಮಾತ್ರ ಬೇರೊಂದು ಮಾತ್ರೆ. ದಿನದ ಮಾತ್ರೆ ಒಂದು ಹೊತ್ತೂ ತಪ್ಪಬಾರದು, ನಿದ್ದೆ ಕೆಡಬಾರದು. ಮುಂದೆ ಯಾವಾಗಲಾದರೂ ಗರ್ಭ ತಡೆಯುವ ಮಾತ್ರೆ ತೆಗೆದುಕೊಳ್ಳುವುದಾದರೆ ಮೊದಲೇ ಕೇಳಬೇಕು, ಫಿಟ್ಸಿನ ಕೆಲವು ಮಾತ್ರೆಗಳಿಗೂ ಅದಕ್ಕೂ ಆಗಿಬರುವುದಿಲ್ಲ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ಮರುದಿನ ಅವಳೇ ಪಟ್ಟಿಯನ್ನು ಯಜಮಾನರ ಮೇಜಿನ ಮೇಲೆ ಇಟ್ಟಳು. ತಿಂಗಳು ತಿಂಗಳು ಕೆಂಪು ಗುರುತಿನ ಸುತ್ತಿನ ಈ ಐದು ದಿನ ಕೊಯ್ಯುವ ಮೆಷಿನ್ ಹತ್ತಿರ ಬರುವುದಿಲ್ಲ, ಕೆಳಗೆ ಚಾಪೆ ಹಾಕಿಕೊಂಡು ಹೆಣೆಯುತ್ತೇನೆ, ಕೆಲಸ ಉಳಿಸುವುದಿಲ್ಲ ಅಂದಳು. ಯಜಮಾನರು ಪಟ್ಟಿ ನೋಡಿದರು, ಹೆಣೆಯದೆ ಬಿದ್ದಿದ್ದ ಎಂಟು ಕುರ್ಚಿ ನೋಡಿದರು, ಹೂಂ ಅಂದರು.

ಮೊದಲ ತಿಂಗಳು ಚಾಪೆಯ ಮೇಲೆ ಒಂದು ಸಣ್ಣ ಫಿಟ್ಸ್ ಬಂತು, ಅರ್ಧ ನಿಮಿಷ. ಎರಡನೇ ತಿಂಗಳು ಬರಲಿಲ್ಲ. ಮೂರನೇ ತಿಂಗಳು ಮತ್ತೊಂದು ಸಣ್ಣದು. ಮಾಯವಾಗಲಿಲ್ಲ, ಕಡಿಮೆಯಾಯಿತು. ಮಣೆ ಅವಳದೇ ಆಗಿ ಉಳಿಯಿತು. ಒಂದು ಬೆಳಿಗ್ಗೆ ಮಗ ಎದುರಿಗೇ ಇದ್ದಾಗ ಅಮ್ಮ ಮಗಳನ್ನು, "ಇವತ್ತು ಕೆಂಪು ಗೆರೆ ಹಾಕಿದ್ಯೇನೇ?" ಅಂತ ಕೇಳಿದರು.

ಈಗ ಓದುತ್ತಿರುವ ನಿಮಗೆ ಹೇಳುತ್ತೇನೆ. ಮೂರ್ಛೆ ರೋಗ ಇರುವ ಅಕ್ಕತಂಗಿಯರೇ, ಬಿದ್ದ ದಿನವನ್ನೂ ಮುಟ್ಟಿನ ದಿನವನ್ನೂ ಒಂದೇ ಕಡೆ ಗುರುತು ಮಾಡಿ. ಕ್ಯಾಲೆಂಡರೋ, ನೋಟ್‌ಬುಕ್ಕೋ, ಮರದ ಚೂರೋ, ಏನಾದರೂ ಸರಿ. ಕಡಿಮೆ ಅಂದರೆ ಮೂರು ತಿಂಗಳು ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೆಚ್ಚು ಕಡಿಮೆ ಮಾಡಿಕೊಳ್ಳಬೇಡಿ. ಅಣ್ಣಂದಿರೇ, ಗಂಡಂದಿರೇ, ಆಸ್ಪತ್ರೆಗೆ ಖಂಡಿತ ಜೊತೆಗೆ ಹೋಗಿ. ಆಕೆಯೇ ಕರೆದರೆ ಒಳಗೆ ಹೋಗಿ, ಕರೆಯದಿದ್ದರೆ ಬೆಂಚಿನ ಮೇಲೆ ಕೂತುಕೊಳ್ಳಿ. ಮುಟ್ಟು ಅನ್ನುವ ಮಾತು ಕಿವಿಗೆ ಬಿದ್ದರೆ ನಿಮ್ಮ ಕಿವಿಯೇನೂ ಉದುರಿ ಹೋಗುವುದಿಲ್ಲ. ನಗುವವರು ಇದ್ದೇ ಇರುತ್ತಾರೆ.

ಈ ಅಣ್ಣನನ್ನೂ ನೋಡಿ ನಕ್ಕರು. ಹಳೆಯ ಪಟ್ಟಿ ತುಂಬಿದ ದಿನ ಅವನು ಹೊಸದೊಂದಕ್ಕೆ ಗೆರೆ ಎಳೆಯುತ್ತಿದ್ದ. ಅಂಗಡಿಯ ತುಂಬ ಗಿರಾಕಿಗಳು. ಯಜಮಾನರು ಎಲ್ಲರಿಗೂ ಕೇಳುವ ಹಾಗೆ, "ಏನಯ್ಯ ಮೆಣಸಿನಕಾಯಿ, ಮೀಸೆ ಹೊತ್ಕೊಂಡು ಹೆಂಗಸರ ಮುಟ್ಟಿನ ಲೆಕ್ಕ ಬರೀತಿದ್ದೀಯಲ್ಲ, ನಾಚಿಕೆ ಆಗಲ್ವಾ?" ಅಂದರು. ಪಾಲಿಶಿನವನು ಕಿಸಕ್ಕನೆ ನಕ್ಕ. ತಂಗಿಯ ಬೆರಳು ಬೆತ್ತದ ಮೇಲೆ ನಿಂತುಬಿಟ್ಟಿತು.

ಅಣ್ಣ ಕೊನೆಯ ಗೆರೆ ಎಳೆದು ಮುಗಿಸಿದ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಪಟ್ಟಿಯನ್ನು ತಂಗಿಯ ಮಣೆಯ ಮೇಲಿನ ಮೊಳೆಗೆ ತೂಗುಹಾಕಿ, ಯಜಮಾನರ ಮುಂದೆಯೇ ಹಾದು ತನ್ನ ಕೆಲಸದ ಕಡೆ ನಡೆದ.