ಪಂಪ್‌ಹೌಸಿನಿಂದ ಕರೆ

ಮಾರ್ಚ್ ಹದಿನಾಲ್ಕು, ಬೆಳಗ್ಗೆ. ಅಂಗಳಕ್ಕೆ ತರಿಸಿದ್ದ ಕುರ್ಚಿಗಳು ಇಪ್ಪತ್ತಾರು. ಕೊನೆಯದನ್ನು ಬಿಡಿಸಿ ಗೋಡೆಯ ಪಕ್ಕಕ್ಕೆ ಎಳೆಯುತ್ತಿದ್ದಾಗ ಅವಳ ಬೆನ್ನ ಹಿಂದೆ ಆ ದನಿ ಕೇಳಿಸಿತು.

"ಸಾರ್ ಮನೆ ಇದೇ ಅಲ್ವಾ?"

ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ದನಿ ಮಾತ್ರ ವರ್ಷಗಟ್ಟಲೆಯಿಂದ ಗೊತ್ತಿತ್ತು.

"ಹೌದು, ಕೂತ್ಕೊಳ್ಳಿ," ಎಂದಳು. ಎಂದವಳು ಕುರ್ಚಿಯ ಬೆನ್ನನ್ನು ಕೈಬಿಡಲಿಲ್ಲ.

ಗಂಡನನ್ನು ನಡುಮನೆಯಲ್ಲಿ ಮಲಗಿಸಿದ್ದರು. ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಿದ್ದವನು. ನಿವೃತ್ತಿಗೆ ಇನ್ನೊಂದು ವರ್ಷ ಇತ್ತು. ಹಿಂದಿನ ದಿನ ಮಧ್ಯಾಹ್ನ ಊಟದ ತಟ್ಟೆಯ ಮುಂದೆಯೇ ಕುಸಿದಿದ್ದ. ಬಂದ ಹೆಂಗಸು ಹೆಣದ ಬಳಿ ಅರೆಗಳಿಗೆ ನಿಂತು ಹೊರಗೆ ಬಂದಳು. ಐವತ್ತರ ಆಸುಪಾಸು, ದಪ್ಪ ಕನ್ನಡಕ. ಅಳಲಿಲ್ಲ. ಅಂಗಳದಲ್ಲಿ ಕೂತು ಮೊಬೈಲನ್ನು ನೋಡುವಳು, ಗೇಟನ್ನು ನೋಡುವಳು, ಮತ್ತೆ ಮೊಬೈಲನ್ನು.

ಅಳದಿರುವುದೂ ಒಂದು ಜಾಣತನವೇ ಎಂದು ಹೆಂಡತಿ ಮನಸ್ಸಿನಲ್ಲೇ ಲೆಕ್ಕಹಾಕಿದಳು.

"ಯಾರಕ್ಕಾ ಅದು?" ತಮ್ಮ ಬಂದು ಕೇಳಿದ.

"ನಂಗೇನು ಗೊತ್ತು? ಆಫೀಸಿನವರಿರಬೇಕು."

ಎದುರುಮನೆಯ ಮುದುಕ ಕಿವಿಗೆ ಕೈ ಒಡ್ಡಿ ವಿಚಾರಿಸುತ್ತಿದ್ದ: "ಕರ್ನಲ್ ಅಂತಿದ್ರಲ್ಲ ಇವರನ್ನ, ಮಿಲಿಟರೀಲಿ ಇದ್ರಾ?"

"ಅಯ್ಯೋ ತಾತಾ, ಮಿಲಿಟರಿಯಂತೆ!" ತಮ್ಮ ನಗು ತಡೆದುಕೊಂಡ. "ಕಂಪ್ಯೂಟರಿನ ತಿರುಳಿಗೆ ಕರ್ನೆಲ್ ಅಂತಾರೆ. ಭಾವ ಅದನ್ನೇ ಕೆದಕ್ಕೊಂಡು ಕೂತಿರೋರು, ಆಫೀಸಿನವರು ತಮಾಷೆಗೆ ಹಾಗೆ ಕರೀತಿದ್ರು. ನಮ್ಮ ಭಾವ ಇರುವೇನೂ ಮೆಟ್ಟಿದವರಲ್ಲ."

* * *

ಕರೆಂಟು ಹೋಗಿ ಬಂತೆಂದರೆ ಸಾಕು, ಪಂಪ್‌ಹೌಸಿನಿಂದ ಇದೇ ದನಿಯ ಫೋನು ಬರುತ್ತಿತ್ತು. "ಸಾರ್, ಲಿಂಕ್ ಹೋಗಿದೆ." ಇಷ್ಟೇ ಮಾತು. ಗಂಡ ಎದ್ದು ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವನು. ಯಂತ್ರಕ್ಕೆ ಬಾಚಿದ ತಲೆ ಯಾಕೆ?

ಒಂದು ಭಾನುವಾರ ಅವನು ಸ್ನಾನಕ್ಕೆ ಹೋಗಿದ್ದಾಗ ಫೋನನ್ನು ಅವಳೇ ಎತ್ತಿದಳು. "ಊರಲ್ಲಿ ಬೇರೆ ಗಂಡಸರು ಸಿಗ್ಲಿಲ್ವೇನೇ ನಿಂಗೆ? ಮಾನ ಮರ್ಯಾದೆ ಇದ್ರೆ ಇನ್ನೊಂದ್ಸಲ ಈ ನಂಬರಿಗೆ ಮಾಡ್ಬೇಡ."

ಆ ಕಡೆಯಿಂದ ಫೋನು ಕಟ್ಟಾಯಿತು.

ಅಂದಿನಿಂದ ಪಂಪ್‌ಹೌಸಿನ ಕರೆಗಳು ಗಂಡುದನಿಯಲ್ಲಿ ಬರತೊಡಗಿದವು. ಇಬ್ಬರೂ ಸೇರಿ ಹುಷಾರಾಗಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಗಂಡನನ್ನು ಏನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ. ಕೇಳದಿದ್ದರೆ ಸುಳ್ಳಾದರೂ ಹುಟ್ಟುವುದಿಲ್ಲ.

* * *

ಹೆಣ ಎತ್ತುವ ಹೊತ್ತಾಗುತ್ತಿತ್ತು. ಗಂಡನ ಕೈಕೆಳಗಿದ್ದ ಇಂಜಿನಿಯರ್ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ತಗುಲಿಸಿಕೊಂಡು ಬಂದ. ಕನ್ನಡಕದ ಹೆಂಗಸು ತಟ್ಟನೆ ಎದ್ದಳು. ಇಬ್ಬರೂ ಮನೆಯ ಪಕ್ಕದ ಓಣಿಗೆ ಸರಿದರು. ಹೆಂಡತಿ ಅಡುಗೆಮನೆಗೆ ಹೋಗಿ ಕಿಟಕಿಯ ಹಿಂದೆ ನಿಂತಳು.

"ಸಾರ್ ನಿಮಗೇನಾದ್ರೂ ಹೇಳಿ ಹೋಗಿದ್ರಾ?"

"ಇಲ್ಲ ಮೇಡಂ. ಯಾರಿಗೂ ಹೇಳ್ತಿರಲಿಲ್ಲ."

"ಇವತ್ತೇ ಆಗ್ಬೇಕು. ಮನೆಯವರಿಗೆ ಮಾತ್ರ ಗೊತ್ತಾಗೋದು ಬೇಡ. ಇಂಥ ದಿನ…"

ಹೆಂಡತಿ ಹಿಂಬಾಗಿಲಿನಿಂದ ಓಣಿಗೆ ಇಳಿದಳು. "ಏನು ಗೊತ್ತಾಗೋದು ಬೇಡ? ನನ್ನೆದುರಿಗೇ ಹೇಳಿ."

ಇಂಜಿನಿಯರ್ ತಬ್ಬಿಬ್ಬಾದ. ಕನ್ನಡಕದ ಹೆಂಗಸೇ, ಪಂಪ್‌ಹೌಸಿನ ಆಪರೇಟರಮ್ಮ, ಬಾಯಿಬಿಟ್ಟಳು. "ನೀರಿನ ವಿಷಯ ಮೇಡಂ. ಬೆಳಗಿನ ಜಾವ ಕರೆಂಟ್ ಹೋಗಿ ಬಂತು. ಗುಡ್ಡದ ಮೇಲಿನ ಪಂಪು ಆಗಿಂದ ಬಾಯಿ ಬಿಟ್ಟಿಲ್ಲ. ಮಧ್ಯಾಹ್ನದೊಳಗೆ ಆಸ್ಪತ್ರೆ ಟ್ಯಾಂಕ್ ಖಾಲಿ. ಇಂಥ ದಿನ ನಿಮ್ಮ ಮುಂದೆ ಇದನ್ನ ಹೇಗೆ ಎತ್ತೋದು ಅಂತ."

"ಅದಕ್ಕೂ ಇವರಿಗೂ ಏನು ಸಂಬಂಧ?"

ಇಂಜಿನಿಯರ್ ಬಿಡಿಸಿ ಹೇಳಿದ. ಗುಡ್ಡದ ಪಂಪಿನ ಯಂತ್ರ ಹಳೆಯದು; ಎಕ್ಸ್ ಟ್ವೆಂಟಿಫೈವ್ ಎಂಬ ಹಳೆಯ ಪ್ರೋಟೋಕಾಲಿನಲ್ಲಿ, ಅಂದರೆ ಯಂತ್ರಗಳ ಹಳೆಯ ಭಾಷೆಯಲ್ಲಿ, ಮಾತನಾಡಿಸಿದರೆ ಮಾತ್ರ ಓಗೊಡುತ್ತದೆ. ಈಗಿನ ಕರ್ನೆಲ್ ತಾನಾಗಿ ಆ ಭಾಷೆ ಆಡುವುದಿಲ್ಲ. ಅದನ್ನು ಕಟ್ಟುವಾಗಲೇ ಪ್ರತಿಯೊಂದು ಭಾಷೆಗೂ ಮೂರರಲ್ಲಿ ಒಂದು ಉತ್ತರ ಕೊಡಬೇಕು: ಬೇಡ; ತಿರುಳಿನೊಳಗೇ ಸೇರಿಸು; ಇಲ್ಲವೇ ಬೇರೆಯಾಗಿ ಇಟ್ಟಿರು, ಬೇಕಾದಾಗ ಕರೆಯುತ್ತೇನೆ.

ಮಾತಾಡುತ್ತಲೇ ಲ್ಯಾಪ್‌ಟಾಪನ್ನು ಒಗೆಯುವ ಕಲ್ಲಿನ ಮೇಲಿಟ್ಟು ಪಂಪ್‌ಹೌಸಿನ ಕಂಪ್ಯೂಟರನ್ನು ದೂರದಿಂದಲೇ ತೆರೆದಿದ್ದ. ಹುಬ್ಬು ಗಂಟಿಕ್ಕಿತು. "ಸಾರ್ ಮೂರನೇದು ಕೊಟ್ಟಿದಾರೆ. ಪ್ರತಿ ಸಲವೂ ಅದನ್ನೇ. ಅದಕ್ಕೇ ಕಂಪ್ಯೂಟರ್ ಮಲಗಿ ಎದ್ದಾಗಲೆಲ್ಲ ಯಾರಾದ್ರೂ ಕೈಯಾರೆ ಕರೀಬೇಕು."

"ಒಳಗೇ ಸೇರಿಸಿಬಿಡಿ ಸಾರ್ ಅಂತ ನಾನು ಎಷ್ಟು ಸಲ ಹೇಳಿದೀನಿ!" ಆಪರೇಟರಮ್ಮ ಹೇಳಿದಳು. "ಸೇರಿಸಿದ್ರೆ ಮಿಕ್ಕಿದ್ದೆಲ್ಲ ಕೆಟ್ಟುಹೋಗತ್ತೆ ಅಂತಿದ್ರು."

"ಏನೂ ಕೆಡಲ್ಲ ಮೇಡಂ. ಅರ್ಧ ಗಂಟೆ ಕೆಲಸ."

ಅಂಗಳದಲ್ಲಿ ಯಾರೋ ಚಟ್ಟದ ಹಗ್ಗ ಬಿಗಿಯುತ್ತಿದ್ದರು.

"ಪಂಪ್‌ಹೌಸಿಗೆ ಬಂದು ಏನು ಮಾಡ್ತಿದ್ರು?" ಹೆಂಡತಿ ಕೇಳಿದಳು. ದನಿ ಇನ್ನೂ ಗಟ್ಟಿಯಾಗಿಯೇ ಇತ್ತು.

"ಎರಡು ನಿಮಿಷದ ಕೆಲಸ. ಆಮೇಲೆ ಕಿಟಕಿ ಪಕ್ಕ ಕೂತ್ಕೊಳ್ಳೋರು, ಎರಡು ಗಂಟೆ, ಮೂರು ಗಂಟೆ. ಮಾತಿಲ್ಲ ಕತೆಯಿಲ್ಲ. ಚಹಾ ಕೊಟ್ರೆ ಕುಡಿಯೋರು." ಆಪರೇಟರಮ್ಮ ಕನ್ನಡಕ ಸರಿಮಾಡಿಕೊಂಡಳು. "ತಪ್ಪು ತಿಳೀಬೇಡಿ. ಮನೇಲಿ ಅದೆಂಥ ಕಾಟ ಇದೆಯೋ, ಪಾಪ ಅಂತ ನಿಮ್ಮನ್ನೇ ಬೈಕೊಂಡಿದೀನಿ. ಆವತ್ತು ಫೋನಲ್ಲಿ ನಿಮ್ಮ ಮಾತು ಕೇಳಿದ ಮೇಲಂತೂ…"

ಹೆಂಡತಿ ಇಷ್ಟು ವರ್ಷ ತೂಗಿ ತೂಗಿ ಇಟ್ಟುಕೊಂಡಿದ್ದ ಅನುಮಾನದ ತಕ್ಕಡಿಯಲ್ಲಿ ಈ ಹೆಂಗಸು ಕೂರಲೇ ಇಲ್ಲ. ಆದರೆ ತಟ್ಟೆ ಮೇಲೇಳಲೂ ಇಲ್ಲ; ಅದರಲ್ಲಿ ತಾನೇ ಕೂತಿದ್ದ ಹಾಗೆ ಅದೇ ತೂಕಕ್ಕೆ ಜಗ್ಗಿತ್ತು. ಈ ಮನೆಯಲ್ಲಿ ಬಲ್ಬು ಹೋದರೆ ಅವಳೇ ಹಾಕುತ್ತಿದ್ದಳು. ಗ್ಯಾಸಿನವನಿಗೆ, ಬ್ಯಾಂಕಿಗೆ, ಮೇಸ್ತ್ರಿಗೆ ಅವಳೇ. 'ನಿಮ್ಮ ಕೈಲಾಗಲ್ಲ, ಬಿಡಿ' ಎಂಬ ಮಾತು ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಆಡಿದ್ದು ಅವಳಿಗೇ ಕೇಳಿಸುತ್ತಿರಲಿಲ್ಲ.

"ಅಮ್ಮಾ, ಇವತ್ತಿನ ಮಟ್ಟಿಗೆ ಕೈಯಾರೆ ಎಬ್ಬಿಸ್ತೀನಿ," ಇಂಜಿನಿಯರ್ ಕೇಳಿದ. "ಜೊತೆಗೇ ಒಳಗೂ ಸೇರಿಸಿಬಿಡ್ಲಾ? ಸಾರ್ ಬೇಕೂಂತ ಹಾಗೆ ಬಿಟ್ಟಿದ್ದು. ನಿಮ್ಮನ್ನ ಕೇಳದೆ ಮಾಡೋಕೆ ಮನಸ್ಸು ಬರ್ತಿಲ್ಲ. ಮಾಡಿದ್ರೆ ಇನ್ಮೇಲೆ ಯಾರನ್ನೂ ಕರೆಯೋ ಹಾಗಿರಲ್ಲ."

ಅವಳು ಹಿಂಬಾಗಿಲಿನ ಕಡೆ ತಿರುಗಿ ನೋಡಿದಳು.

"ಪಂಪನ್ನ ಈಗಲೇ ಎಬ್ಬಿಸಿ. ಇನ್ನೊಂದು, ಅವರು ಗೇಟು ದಾಟಿದ ಮೇಲೆ."

* * *

ತಮ್ಮ ಕರೆದರೂ ಅವಳು ಹೆಣ ಹೊತ್ತ ವಾಹನ ಹತ್ತಲಿಲ್ಲ. "ನೀವು ನಡೀರಿ. ಹಿಂದೆಯೇ ಆಟೋದಲ್ಲಿ ಬರ್ತೀನಿ." ವಾಹನ ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು. ಓಣಿಯ ಕಡೆ ತಿರುಗಿ ತಲೆಯಾಡಿಸಿದಳು. ಇಂಜಿನಿಯರ್ ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು.

ಆಪರೇಟರಮ್ಮ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದಳು. ರಾತ್ರಿ ಪಾಳಿ ಮುಗಿಸಿ ನೇರ ಬಂದವಳು, ಕಣ್ಣು ಕೆಂಪಾಗಿದ್ದವು. ಹೆಂಡತಿ ಹೋಗಿ ಪಕ್ಕದಲ್ಲಿ ಕೂತಳು. ಆಡಬೇಕಾದ ಮಾತೊಂದಿತ್ತು. ಆ ಭಾನುವಾರದಿಂದ ಬಾಕಿಯಿದ್ದದ್ದು, ಇಂದು ತೀರಿಸದಿದ್ದರೆ ಇನ್ನೆಂದೂ ತೀರದ್ದು. ಬಾಯಿ ತೆರೆದಾಗ ಹೊರಟದ್ದು ಬೇರೆಯೇ:

"ಆ ಕಿಟಕಿಯಿಂದ ಏನು ಕಾಣತ್ತೆ?"

"ಏನಿಲ್ಲ ಮೇಡಂ. ಎದುರಿಗೆ ಗೋಡೆ."

ಹೆಂಡತಿ ಕಾಲು ಮಡಚಿಕೊಂಡಳು. ಓಣಿಯ ಆಚೆ ಪಕ್ಕದ ಮನೆಯ ಗೋಡೆಯಿತ್ತು. ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು.